ಒದ್ದೆ ಬಟ್ಟೆಯೊಳಗಿನ ಸ್ಟ್ರಾಬೆರಿ

ಆ ದಿನ ಮಾಡಿದ ಕೆಲಸಗಳು ಇವು. ಅಂಗಳ ಗುಡಿಸಿ ನೀರು ಹಾಕಿದೆ. ನಲ್ಲಿ ಬಂದಿತ್ತು, ನೀರಿನ ಮಣ್ಣಿನ ಹರವಿಯನ್ನು ತೊಳೆದು ತುಂಬಿದೆ. ರೊಟ್ಟಿ ಬಡಿದೆ. ಕೌದಿಗಳನ್ನು ಬಿಸಿಲಿಗೆ ಹಾಕಿದೆ. ಶೇಂಗಾ ಹುರಿದು ಸಿಪ್ಪೆ ಕೇರಿದೆ. ಇದರ ನಡುವೆ, ಹಣ್ಣಾಗದ ಸ್ಟ್ರಾಬೆರಿ ಕಟ್ಟಿಟ್ಟಿದ್ದ ಬಟ್ಟೆಗೆ ಆಗಾಗ ನೀರು ಚಿಮುಕಿಸಿದೆ. ಇದೆಂಥ ಕೆಲಸ ಎಂದು ಕೇಳಿದರೆ ಹಿಂದಿನ ಸಂಜೆಯಿಂದ ಹೇಳಬೇಕಾಗುತ್ತದೆ.

ಹಿಂದಿನ ಸಂಜೆಯ ಬಸ್ಸಿಗೆ ನನ್ನ ನಾದಿನಿ ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದರು. ನಮ್ಮ ಯಜಮಾನರಿಗೆ ಅಕ್ಕ. ಹಡಗಲಿಯ ಹತ್ತಿರ ಅವರ ಮಲ್ಲಿಗೆ ತೋಟವಿದೆ. ಮಾಗಿಯ ಚಳಿಗೆ ಮಲ್ಲಿಗೆ ಕಡಿಮೆ. ಅವರಿಗೆ ತಮ್ಮನ ನೆನಪಾಗುವುದೂ ಆಗಲೇ. ಆದರೆ ಈ ಸಲ ತಾವಾಗಿ ಬಂದಿರಲಿಲ್ಲ. ತಮ್ಮನೇ ಫೋನಿನ ಮೇಲೆ ಫೋನು ಮಾಡಿ ಕರೆಸಿದ್ದರು. ತನ್ನ ಕೈಯಿಂದ ಬೆಳೆದ ಹಣ್ಣನ್ನು ಅಕ್ಕ ತಿನ್ನಬೇಕು, ತಿಂದು ಸಿಹಿಯಾಗಿದೆ ಎನ್ನಬೇಕು. ಇಷ್ಟೇ ನಮ್ಮ ಯಜಮಾನರ ಆಸೆ.

ಯಾಕೆಂದರೆ ಅಕ್ಕನ ಪ್ರಕಾರ ತಮ್ಮನಿಗೆ ಕೈಗುಣವಿಲ್ಲ. ಅವರು ಕೊಟ್ಟ ಮಲ್ಲಿಗೆ ಕಡ್ಡಿಗಳು ನಮ್ಮ ಹಿತ್ತಲಲ್ಲಿ ಚಿಗುರಲೇ ಇಲ್ಲ. ಕರಿಬೇವು ಮೊಣಕಾಲೆತ್ತರ ಬಂದು ಸುಮ್ಮನಾಯಿತು. ನಿಂಬೆಗಿಡ ಮುಳ್ಳನ್ನು ಮಾತ್ರ ಧಾರಾಳವಾಗಿ ಕೊಟ್ಟಿತು. ನೆಂಟರು ಕೂಡಿದಾಗಲೆಲ್ಲ ನಾದಿನಿಯದು ಒಂದೇ ಮಾತು: “ನನ್ನ ತಮ್ಮನ ಕೈಯಾಗ ಕಳ್ಳಿ ಕೊಡ್ರಿ, ಅದೂ ಒಣಗತೈತಿ.” ಎಲ್ಲರೂ ನಗುತ್ತಾರೆ. ಇವರೂ ನಗುತ್ತಾರೆ. ಆದರೆ ಆ ಹೊತ್ತಿನ ಊಟದಲ್ಲಿ ಇವರು ಎರಡನೇ ಸಲ ಏನನ್ನೂ ಹಾಕಿಸಿಕೊಳ್ಳುವುದಿಲ್ಲ. ಇದನ್ನು ನಾನು ಬಹಳ ವರ್ಷಗಳಿಂದ ನೋಡಿದ್ದೇನೆ.

ದೀಪಾವಳಿ ಕಳೆದ ಮೇಲೆ ದಾವಣಗೆರೆಯ ನರ್ಸರಿಯಿಂದ ಸ್ಟ್ರಾಬೆರಿ ಸಸಿಗಳು ಬಂದವು.

“ಇದು ತಂಪು ಸೀಮಿ ಗಿಡ ಅಲ್ಲೇನ್ರಿ?” ಎಂದೆ.

“ನಮ್ಮಲ್ಲೂ ಮಾಗಿ ಐತಲ್ಲ.”

“ಮಾಗಿ ಮುಗದ ಮ್ಯಾಲೆ?”

“ಫ್ಯಾನ್ ಹಚ್ಚತೀನಿ. ನೀ ನಿನ್ನ ರೊಟ್ಟಿ ನೋಡ್ಕೊ.”

ಹಳೆಯ ಪೇಂಟಿನ ಡಬ್ಬಿಗಳಿಗೆ ತೂತು ಹೊಡೆದು ಸಸಿ ನೆಟ್ಟರು. ಹಣ್ಣು ಮಣ್ಣಿಗೆ ತಾಗಬಾರದೆಂದು ಬುಡಕ್ಕೆ ಶೇಂಗಾ ಸಿಪ್ಪೆ ಹಾಸಿದರು. ಅಳಿಲಿಗೆ ಹೆದರಿ ಸೊಳ್ಳೆಪರದೆ ಕಟ್ಟಿದರು. ಬಿಸಿಲೇರಿದರೆ ಡಬ್ಬಿಗಳು ನೆರಳಿಗೆ, ಇಳಿದರೆ ಮತ್ತೆ ಹೊರಗೆ. ನನ್ನ ಬಾಣಂತನದಲ್ಲಿ ಮಗುವನ್ನೂ ಇಷ್ಟು ಸಲ ಎತ್ತಿಕೊಂಡವರಲ್ಲ. ಗಿಡಕ್ಕೇನೋ ಇವರ ಮೇಲೆ ಕನಿಕರ ಬಂತು. ಬಿಳಿ ಹೂವು ಬಿಟ್ಟಿತು, ಕಾಯಿಯೂ ಕಚ್ಚಿತು. ಮೊದಲ ಕಾಯಿಗಳು ದಪ್ಪಗಾಗಿ, ತುದಿ ಕೆಂಪಾಗುತ್ತಿದ್ದಂತೆ ಅಕ್ಕನಿಗೆ ಫೋನು ಹೋಯಿತು.

ನಾದಿನಿ ಬಂದವರು ಕಾಲು ತೊಳೆಯುವ ಮೊದಲೇ ಇವರು ಹಿತ್ತಲಿಗೆ ಕರೆದೊಯ್ದು ಮೊಬೈಲಿನ ಬೆಳಕು ಬಿಟ್ಟು ತೋರಿಸಿದರು.

“ಇನ್ನಾ ಬೆಳ್ಳಗದಾವಲ್ಲೋ ತಮ್ಮಾ.”

“ನಾಳಿ, ನಾಡದ್ದು ಅನ್ನೂದ್ರಾಗ ಕೆಂಪಾಗ್ತಾವ. ಆಮ್ಯಾಲೆ ಹೇಳು ನನ್ನ ಕೈಗುಣ.”

“ನಾಡದ್ದು ಮುಂಜಾನಿ ಬಸ್ಸಿಗೆ ಹೊಂಟೀನಿ. ನಿನ್ನ ಹಣ್ಣಿಗೆ ಹೇಳಿಡು.”

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಹಿತ್ತಲಿಂದ “ಅಯ್ಯೋ!” ಎಂದು ಕೂಗು ಕೇಳಿತು. ಹಾವು ಬಂತೆಂದು ಪೊರಕೆ ಹಿಡಿದೇ ಓಡಿದೆ. ಇವರು ಸೊಳ್ಳೆಪರದೆ ಎತ್ತಿಕೊಂಡು ನಿಂತಿದ್ದರು. ಗಿಡದಲ್ಲಿ ಎಲೆಯಿತ್ತು, ಹೂವಿತ್ತು; ಒಂದು ಕಾಯಿಯೂ ಇರಲಿಲ್ಲ.

“ಅಳಿಲು! ಎಲ್ಲಾ ತಿಂದ್ಹೋಗೇತಿ!”

“ಅಳಿಲಲ್ಲಲೇ, ನಾನು,” ಎಂದು ನಾದಿನಿ ಒಳಗಿನಿಂದ ಹೆಮ್ಮೆಯಿಂದ ಬಂದರು. “ನೀವಿಬ್ರೂ ಕೌದಿ ಹೊದ್ದು ಮಲಗಿದ್ರಿ. ಹೊತ್ತು ಹುಟ್ಟೂಕಿಂತ ಮೊದ್ಲ ಎಲ್ಲಾ ಬಿಡಿಸಿ, ಒದ್ದಿ ಬಟ್ಟಿಯಾಗ ಕಟ್ಟಿ ಹರವಿ ಮ್ಯಾಲೆ ಇಟ್ಟೀನಿ.”

ಅವರ ತಪ್ಪೂ ಅಲ್ಲ. ಮಲ್ಲಿಗೆಯನ್ನು ಬಿಡಿಸುವುದೇ ಹಾಗೆ. ಮೊಗ್ಗಿರುವಾಗಲೇ, ಬಿಸಿಲು ಬೀಳುವ ಮೊದಲೇ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಸಂಜೆಗೆ ಮುಡಿಯಲ್ಲಿ ಅರಳುತ್ತದೆ. ಗಿಡದಲ್ಲೇ ಅರಳಿದ ಹೂವನ್ನು ಯಾರು ಕೊಳ್ಳುತ್ತಾರೆ? ಆ ಕೈಗೆ ಬೇರೆ ಗೊತ್ತಿಲ್ಲ.

“ಅಕ್ಕಾ, ಇದು ಮಲ್ಲಿಗಿ ಅಲ್ಲ. ಕಿತ್ತ ಮ್ಯಾಲೆ ಸಿಹಿ ಆಗಂಗಿಲ್ಲ.”

“ಮಾವಿನಕಾಯಿ ಹುಲ್ಲಾಗ ಹಣ್ಣಾಗತೈತಿ, ಬಾಳಿಕಾಯಿ ಹಣ್ಣಾಗತೈತಿ. ನಿಂದೇನು ಆಕಾಶದಾಗಿಂದ ಇಳಿದೈತೇನು? ಸಂಜಿ ತನಕ ತಡಿ.”

ಹೀಗೆ ನನ್ನ ಕೆಲಸಗಳಲ್ಲಿ ಬಟ್ಟೆಗೆ ನೀರು ಚಿಮುಕಿಸುವುದೂ ಸೇರಿತು. ಇವರು ಮುನಿಸಿಕೊಂಡು ಸೊಳ್ಳೆಪರದೆಯನ್ನು ಮತ್ತೆ ಕಟ್ಟಿದರು. ಆದರೂ ನೀರು ಕುಡಿಯುವ ನೆಪದಲ್ಲಿ ಹರವಿಯ ಹತ್ತಿರ ಹೋಗಿ ಗಂಟನ್ನು ಬಿಚ್ಚಿ ನೋಡುತ್ತಲೇ ಇದ್ದರು. “ಈ ಚಳಿಯಾಗ ಇಷ್ಟ್ ಯಾಕ್ರಿ ನೀರಡಿಕಿ?” ಎಂದರೆ ನನ್ನನ್ನೇ ದುರುಗುಟ್ಟಿ ನೋಡಿದರು.

ಸಂಜೆ ಮೂವರೂ ಸೇರಿ ಬಟ್ಟೆ ಬಿಚ್ಚಿದೆವು. ಬಣ್ಣವೇನೋ ತುಸು ಏರಿತ್ತು. “ನೋಡು!” ಎಂದು ನಾದಿನಿ ಒಂದನ್ನು ಬಾಯಿಗೆ ಹಾಕಿಕೊಂಡರು. ಒಂದು ಕಣ್ಣು ಮುಚ್ಚಿತು. ಆಮೇಲೆ ಇನ್ನೊಂದೂ ಮುಚ್ಚಿತು. ನನ್ನ ನಾದಿನಿಗೆ ಮುಖಸ್ತುತಿಗೂ ಸುಳ್ಳು ಬರುವುದಿಲ್ಲ.

“ಹುಣಸಿಕಾಯಿ ಆಗೇತಿ,” ಎಂದರು.

ಇವರು ಎದ್ದು ಹಿತ್ತಲಿಗೆ ಹೋದರು. ನಾದಿನಿ ಹುಳಿಯನ್ನು ನುಂಗಿಕೊಂಡು ಹಿಂದೆಯೇ ಹೋದರು. ನಾನು ಬಾಗಿಲಲ್ಲೇ ನಿಂತೆ. ನಾದಿನಿ ಡಬ್ಬಿಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಎಲೆಗಳನ್ನು ಒಂದೊಂದಾಗಿ ಸರಿಸಿ ಹೂವು ನೋಡತೊಡಗಿದರು. ಸಂತೆಯಲ್ಲಿ ಬೇರೆಯವರ ಮಲ್ಲಿಗೆಯನ್ನು ನೋಡುವಾಗಿನ ಮುಖವೇ ಅದು.

“ಹೂವು ಚೆಂದ ಹಿಡಿಸೀಯಪ್ಪಾ,” ಎಂದರು ಕಡೆಗೆ. “ಹೂವಿನ ಮಟ್ಟಿಗೆ ನಿನ್ನ ಕೈಗುಣ ಒಪ್ಪೀನಿ. ಹಣ್ಣಿನ ಮಾತು ತಿಂದ ಮ್ಯಾಲೆ.”

“ನಾಳಿ ಹೋಗ್ತೀಯಲ್ಲ.”

“ಕಾಯಿ ಹಾಳ್ ಮಾಡಿದಾಕಿ ನಾನು. ಈ ಹೂವು ಹಣ್ಣಾಗೂ ತನಕ ಇಲ್ಲೇ ಇರ್ತೀನಿ. ತ್ವಾಟದಾಗ ಈಗ ಏನೈತಿ?”

ಇವರ ಮುಖದಲ್ಲಿ ಸಂತೋಷವೂ ಬಂತು, ಅದರ ಬೆನ್ನಿಗೇ ಗಾಬರಿಯೂ ಬಂತು. “ಇರು, ಆದ್ರ ಮುಂಜಾನೆದ್ದು ಹಿತ್ತಲಕ್ಕ ಕಾಲಿಡಬ್ಯಾಡ!”

“ಬಚ್ಚಲಿರೂದು ಹಿತ್ತಲದಾಗ. ಎಲ್ಲಿ ಹೋಗ್ಲಿ?”

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು. ಜೊತೆಗೆ ಆ ಹುಳಿಕಾಯಿಗಳನ್ನೇ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಬೆಲ್ಲ, ಹುರಿದ ಶೇಂಗಾ ಹಾಕಿ ನಾನು ಅರೆದ ಚಟ್ನಿ. ನಾದಿನಿ ಚಟ್ನಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು, “ಇದು ನಿನ್ನ ಕೈಗುಣ” ಎಂದು ನನಗೆ ತೀರ್ಪು ಕೊಟ್ಟರು. ಇವರೂ ಆ ದಿನ ಎರಡನೇ ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಹಿತ್ತಲ ಬಾಗಿಲಿಗೆ ಅಡ್ಡವಾಗಿ ಹಾಸಿಗೆ ಹಾಸಿದರು, ಅಕ್ಕ ದಾಟಿದರೆ ಎಚ್ಚರವಾಗಲಿ ಎಂದು. ನಾವಿಬ್ಬರೂ ಇನ್ನೂ ಪಾತ್ರೆ ತೊಳೆಯುತ್ತಿದ್ದೆವು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಕಾವಲಿಗೆ ಮಲಗಿದವರೇ.