ಆರನೆಯ ಸುತಳಿ

೧೯೪೭ರ ಬೇಸಿಗೆಯ ಒಂದು ಮುಂಜಾನೆ ಹುನ್ನೂರಿನ ನಮ್ಮ ಮನೆಯ ಗಬ್ಬದ ಎಮ್ಮೆ ಮೇವು ಮುಟ್ಟಲಿಲ್ಲ. ಅದೇ ಹೊತ್ತಿಗೆ ಕೊಟ್ಟಿಗೆಯ ಗೂಟದಲ್ಲಿದ್ದ ಆರು ಸುತಳಿಗಳಲ್ಲಿ ಒಂದು ಕಾಣಲಿಲ್ಲ.

ಆ ಸುತಳಿಗಳನ್ನು ಬನಹಟ್ಟಿಯ ತವರುಮನೆಯಿಂದ ತಂದವಳು ನಾನೇ. ಅಲ್ಲಿ ಅಣ್ಣ ಮಗ್ಗಕ್ಕೆ ನೂಲಿನ ಬೇಲು ತರಿಸುತ್ತಿದ್ದ. ಬೇಲು ಬಿಚ್ಚಿದ ಮೇಲೆ ಅದಕ್ಕೆ ಕಟ್ಟಿದ್ದ ಸುತಳಿ ಬೇಡವಾಗುತ್ತಿತ್ತು. ನಮ್ಮಲ್ಲಿ ಅದರಿಂದ ಬುಟ್ಟಿಯ ಅಂಚು, ಬೇಲಿಯ ಬಾಗಿಲು, ಹೊರಸಿನ ಕಾಲು ಎಲ್ಲ ಕಟ್ಟುತ್ತಿದ್ದೆವು. ಉಳಿದದ್ದು ಮೇವಿನ ಜೋಳದ ಕಣಿಕೆಯ ಸೂಡು ಕಟ್ಟಲು. ಸೂಡು ಬಿಚ್ಚಿದವರು ಮೊದಲು ಸುತಳಿಯನ್ನು ಗೂಟಕ್ಕೆ ಹಾಕಬೇಕು, ಆಮೇಲೆ ಎಮ್ಮೆಗೆ ಮೇವು ಹಾಕಬೇಕು. ಇದು ಅತ್ತೆ ಮಾಡಿದ ಕಟ್ಟಳೆ. ಸುತಳಿ ಹೊಟ್ಟೆಗೆ ಹೋದರೆ ದನ ಉಳಿಯುವುದಿಲ್ಲ ಎಂದು ಹೇಳುತ್ತಿದ್ದರು.

"ನಿನ್ನಿ ಮೇವ ಹಾಕಿದಾಕಿ ನೀನ. ಆರೂ ಗೂಟಕ್ಕ ಹಾಕಿದ್ಯಾ?" ಅತ್ತೆ ಕೇಳಿದರು.

"ಹಾಕೇನ್ರೀ ಅತ್ತಿ."

"ಖರೆ ಹೇಳ."

ಐದು ಹಾಕಿದ್ದು ನೆನಪಿತ್ತು. ಆರನೆಯದು ನೆನಪಿರಲಿಲ್ಲ.

"ಮಂದಿ ಸೊಸ್ತ್ಯಾರ ತವರಿಂದ ಬಂಗಾರ ತರ್ತಾರ. ನೀ ಸುತಳಿ ತಂದಿ. ಅದನ್ನೂ ಎಮ್ಮಿಗೆ ತಿನಿಸಿದಿ."

ಅತ್ತೆ ಬಿದಿರಿನ ಗೊಟ್ಟದಲ್ಲಿ ಕುಸುಬೆ ಎಣ್ಣೆ ತುಂಬಿಕೊಂಡು ಎಮ್ಮೆಯ ಬಾಯಿಗೆ ಹೊಯ್ಯಲು ಹೋದರು. ಎಮ್ಮೆ ಕತ್ತು ಕೊಡವಿತು. ಎಣ್ಣೆ ಅವರ ಸೀರೆಯ ಮೇಲೆ ಚೆಲ್ಲಿತು. ಮಾವನನ್ನು ಕರೆತರಲು ನನ್ನನ್ನು ಹೊಲಕ್ಕೆ ಅಟ್ಟಿದರು.

ಮಾವ ಕುಂಟೆ ಹೊಡೆದು ಹೊಲ ಹರಗುತ್ತಿದ್ದರು. ನಾನು ಏದುಸಿರು ಬಿಡುತ್ತ ಹೇಳಿದೆ: "ಮಾವಾರ, ಎಮ್ಮಿ ಸುತಳಿ ತಿಂದೈತ್ರೀ."

ಅವರು ಎತ್ತು ನಿಲ್ಲಿಸಿ ಕುಂಟೆಯ ಹಿಡಿ ತೋರಿಸಿದರು. "ಇದೇನ ಮತ್ತ? ಹಿಡಿ ಸಡ್ಲ ಆಗಿತ್ತ. ನಸುಕಿನ್ಯಾಗ ನಾನ ತಂದ ಕಟ್ಟೇನಿ."

ಸುತಳಿಯನ್ನು ಮುಟ್ಟಿ ನೋಡಿದೆ. ಅಲ್ಲೇ ಮಣ್ಣಿನ ಹೆಂಟೆಯ ಮೇಲೆ ಕುಳಿತೆ.

"ಅತ್ಯಾರಿಗೆ ಒಂದ ಮಾತ ಹೇಳಬೇಕಿತ್ರೀ."

"ಮಲಗಿದಾಕಿನ್ನ ಎಬ್ಬಿಸಿ ಬೈಸ್ಕೊಳ್ಳಲೇನ?"

"ಹಂಗಾದ್ರ ಎಮ್ಮಿ ಯಾಕ ತಿನವಲ್ದರೀ?"

"ಈಯೂ ಹೊತ್ತ ಬಂದಿರಬೇಕ. ನಡಿ."

ಕರು ಹಾಕಲು ಇನ್ನೂ ಎಂಟು ದಿನ ಇದೆ ಎಂದು ಅತ್ತೆ ಹೇಳಿದ್ದರಿಂದ ಅದು ನಮಗೆ ಹೊಳೆದಿರಲಿಲ್ಲ. ನಾವು ಮನೆ ಮುಟ್ಟುವಷ್ಟರಲ್ಲಿ ಕರುವಿನ ಮುಂಗಾಲು ಹೊರಗೆ ಬಂದಿತ್ತು. ಅತ್ತೆ ಗೊಟ್ಟ ಬದಿಗಿಟ್ಟು, ಎಣ್ಣೆಯ ಸೀರೆಯಲ್ಲೇ ಎಮ್ಮೆಯ ಬೆನ್ನು ಸವರುತ್ತಿದ್ದರು. ಮಾವ ಕುಂಟೆಯ ಮಾತು ಹೇಳಿದಾಗ ಅತ್ತೆ ಅವರ ಕಡೆ ಒಮ್ಮೆ ನೋಡಿದರು. "ಬಿಸಿನೀರ ತಾ ಯವ್ವಾ," ಎಂದು ನನಗೆ ಹೇಳಿದರು.

ಮಧ್ಯಾಹ್ನಕ್ಕೆ ಮೊದಲೇ ಎಮ್ಮೆ ಹೆಣ್ಣು ಕರು ಹಾಕಿತು. ಮಾಸು ಬಿದ್ದ ಮೇಲೆ ಬೆಲ್ಲ ಹಾಕಿ ಬೇಯಿಸಿದ ಸಜ್ಜೆ ತಿಂದಿತು. ಸಂಜೆ ಮೆಲುಕು ಹಾಕಿತು.