ಮಾರ್ಗರೆಟ್ ಆಂಟಿಯ ಬೀರು

ಮೊನ್ನೆ ಪೆನ್‌ರೋಸ್‌ನಲ್ಲಿ ಹಳೆಯ ಮೇಜು ಕುರ್ಚಿ ಮಾರುವ ಗೋದಾಮಿಗೆ ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಜೇನುಮೇಣ ಕುಡಿದ ಹಳೆಯ ಮರದ ವಾಸನೆ ಬಂತು. ಬೇರೆಯವರಿಗೆ ಹಿತವೆನಿಸುವ ಆ ವಾಸನೆ ನನಗೆ ಇವತ್ತಿಗೂ ಭಯದ ವಾಸನೆ.

ನಾನು ಚಿಕ್ಕವಳಿದ್ದಾಗ ಈ ಪರದೇಶದ ಪಾಪಕುರಾದಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ ಅದೇ ವಾಸನೆಯ, ನಾಲ್ಕು ಡ್ರಾಯರಿನ ಒಂದು ಮರದ ಬೀರು ಇತ್ತು. ಅಮೆರಿಕ ಇನ್ನೂ ಎಳೆಯ ದೇಶವಾಗಿದ್ದಾಗ ಮಾಡಿದ್ದಂತೆ, ಮನೆಯೊಡತಿ ಮಾರ್ಗರೆಟ್ ಆಂಟಿಯ ಹಿರಿಯರ ಜೊತೆ ಅಲ್ಲಿಂದ ಇಲ್ಲಿಗೆ ಹಡಗಿನಲ್ಲಿ ಬಂದದ್ದಂತೆ. ಆಂಟಿ ಆಗ ಇದ್ದ ಪುಟ್ಟ ಮನೆಯಲ್ಲಿ ಜಾಗವಿಲ್ಲದೆ ಅದನ್ನು ಇಲ್ಲೇ ಬಿಟ್ಟಿದ್ದರು. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು, ಒಂದು ಕಾಲು ತುಸು ಗಿಡ್ಡ. ಉಳಿದಂತೆ ಮರಕ್ಕೂ ಡ್ರಾಯರುಗಳ ಹಿತ್ತಾಳೆ ಹಿಡಿಗಳಿಗೂ ಯಾರೂ ಉಜ್ಜಿ ತೆಗೆಯದ ಹಳೆಯ ಕಪ್ಪು ಬಣ್ಣ. "ಆ ಕಪ್ಪೇ ಅದರ ಜೀವ, ಹಾಗೇ ಇರಲಿ" ಎಂದು ಆಂಟಿ ಅಪ್ಪನಿಗೆ ಹೇಳಿದ್ದರು. ನಾವು ಮನೆ ಹೇಗಿಟ್ಟುಕೊಂಡಿದ್ದೇವೆಂದು ತಪಾಸಣೆಗೆ ಬಂದಾಗಲೆಲ್ಲ ಮೊದಲು ಅದನ್ನೇ ಸವರುತ್ತಿದ್ದರು. ನಾನೂ ತಂಗಿಯೂ ಅದರ ಮುಂದೆ ಉಸಿರು ಬಿಗಿಹಿಡಿದು ನಡೆಯುತ್ತಿದ್ದೆವು.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಅಮ್ಮ ಮಿಕ್ಸಿ, ಕಾರು, ಹೊಲಿಗೆ ಯಂತ್ರ ಎಲ್ಲ ಒರೆಸಿದಳು. ಆಮೇಲೆ ಹುಣಸೆಹಣ್ಣು, ಉಪ್ಪು ಹಿಡಿದು ಬೀರುವಿನ ಮುಂದೆ ಕೂತಳು. ನಾವು ಶಾಲೆಯಿಂದ ಬರುವಷ್ಟರಲ್ಲಿ ಕಪ್ಪು ಹಿಡಿಗಳೆಲ್ಲ ಪೂಜೆಯ ಗಂಟೆಯಂತೆ ಹೊಳೆಯುತ್ತಿದ್ದವು. ಸಂಜೆ ಬಂದ ಅಪ್ಪ ಬೂಟು ಬಿಚ್ಚದೆ ಅದರ ಮುಂದೆ ಕೂತರು.

"ಇದೇನೇ ಮಾಡ್ಬಿಟ್ಟೆ? ಹಾಗೇ ಇರ್ಲಿ ಅಂದಿದ್ರಲ್ಲ!"

"ಮರಕ್ಕೆ ತಾನೇ ಅಂದಿದ್ದು? ಹಬ್ಬದ ದಿನ ಹಿತ್ತಾಳೆನ ಕಪ್ಪಾಗಿ ಬಿಡಕ್ಕಾಗತ್ತೇನ್ರೀ?" ಎಂದಳು ಅಮ್ಮ.

ಆ ವಾರವೇ ತಪಾಸಣೆ. ಅಪ್ಪ ಟೀ ಡಿಕಾಕ್ಷನ್ ಬಳಿದು ನೋಡಿದರು, ಹೊಳಪು ತಗ್ಗಲಿಲ್ಲ. ಮನೆ ಬಿಡಿಸಿದರೆ ಎಲ್ಲಿಗೆ, ನಮ್ಮನ್ನು ನಂಬಿ ಬೇರೆ ಯಾರು ಮನೆ ಕೊಟ್ಟಾರು ಎಂದು ಅಪ್ಪ ಅಮ್ಮ ಪಿಸುಗುಡುವುದು ಕೇಳಿ ನಾನು ತಟ್ಟೆ ಸರಿಸಿ ಏಳುತ್ತಿದ್ದೆ. ಮಾರ್ಗರೆಟ್ ಆಂಟಿ ಬಂದರು. ಒಂದೊಂದೇ ಹಿಡಿ ಮುಟ್ಟಿದರು. "ಸಾರಿ ಮೇಡಂ, ಫೆಸ್ಟಿವಲ್ ಕ್ಲೀನಿಂಗ್" ಎಂದು ಅಮ್ಮ ಕೈಮುಗಿದಳು. "ಇಟ್ಸ್ ಓಕೆ, ಲವ್" ಎಂದರು ಆಂಟಿ, ಅವರ ಕಣ್ಣು ತುಂಬಿತ್ತು.

ಬೇಸಿಗೆಗೆ ಮೊದಲೇ ಮನೆ ಮಾರುವುದಾಗಿ ತಿಳಿಸಿದರು. ಹಿಡಿಗಳೇ ಕಾರಣವೋ ಅಲ್ಲವೋ, ನಮಗೆ ತಿಳಿಯಲಿಲ್ಲ. ಅಮ್ಮ ಮಾತ್ರ ಹೌದೆಂದೇ ನಂಬಿದಳು. ಮುಂದಿನ ಮನೆಗಳಲ್ಲಿ ಗೋಡೆಗೊಂದು ಕ್ಯಾಲೆಂಡರ್ ಹಾಕಲೂ ಬಿಡಲಿಲ್ಲ. ಕೊನೆಗೆ ನಾವೇ ಮನೆ ಕೊಂಡೆವು. ಅಲ್ಲೇ ಹಾಸಿಗೆ ಹಿಡಿದ ಅಮ್ಮ, ಬಾಗಿಲು ಸದ್ದಾದರೆ ಸಾಕು, ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. "ಮನೆ ಓನರ್ ಬಂದ್ರಾ? ಎಲ್ಲಾ ಇದ್ದ ಹಾಗೇ ಇದ್ಯಾ ನೋಡೇ." ಇದು ನಮ್ಮದೇ ಮನೆ ಕಣಮ್ಮ ಎಂದರೆ ಅವಳು ನಂಬದೆಯೇ ತೀರಿಹೋದಳು.