ಆಕ್ಸಿಲರೇಟರ್ ತುಳಿಯಲು ಇನ್ನೊಬ್ಬರು ಬೇಕಿತ್ತು

ಎಪ್ಪತ್ತರ ದಶಕದ ನಡುವಿನ ಮಾತು. ನವಿಲುತೀರ್ಥದಲ್ಲಿ ಅಣೆಕಟ್ಟಿನ ದೊಡ್ಡ ಕೆಲಸ ಮುಗಿದಿತ್ತು. ನಮ್ಮ ಕಾಲೊನಿಯ ಸಂಸಾರಗಳು ಲಾರಿಗೆ ಸಾಮಾನು ಹೇರಿಕೊಂಡು ಬೇರೆ ಯೋಜನೆಗಳಿಗೆ ಹೊರಟುಹೋಗುತ್ತಿದ್ದವು. ನಾನು ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಉಳಿದ ಸಾಮಾನೆಲ್ಲ ಸಾಗುವವರೆಗೆ ಅಲ್ಲೇ ಇರಬೇಕಾಗಿತ್ತು. ಮದುವೆಯಾಗಿರಲಿಲ್ಲ. ಸಂಜೆಯಾದರೆ ನಮ್ಮ ಸಾಲಿನಲ್ಲಿ ದೀಪ ಹತ್ತುತ್ತಿದ್ದದ್ದು ನನ್ನ ಮನೆಯಲ್ಲಿ ಮಾತ್ರ.

ಜೊತೆಗೆ ಒಂದು ಕಾರಿತ್ತು. ಕೊಂಡದ್ದಲ್ಲ, ನಾವೇ ಜೋಡಿಸಿದ್ದು. ಪುಣೆ ಕಡೆಯ ಒಂದು ವರ್ಕ್‌ಶಾಪಿನವರು ಚಾಸಿಯನ್ನೂ ಫೈಬರಿನ ಬಾಡಿಯನ್ನೂ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಕಳಿಸಿದ್ದರು. ಎಂಜಿನ್ ಮಾತ್ರ ಕಿತ್ತೂರಿನ ಒಬ್ಬರ ಹಿತ್ತಲಲ್ಲಿ ಕೋಳಿಗಳಿಗೆ ಗೂಡಾಗಿದ್ದ ಹಳೆಯ ಕಾರಿನದು. ಪಕ್ಕದ ಮನೆಯ ಫಿಟ್ಟರ್ ಮತ್ತು ನಾನು ರಜೆ ಸಿಕ್ಕಾಗಲೆಲ್ಲ ಕೂತು ಅದನ್ನು ಕಟ್ಟಿದೆವು. ಬಣ್ಣ ಬಳಿಯುವ ಹೊತ್ತಿಗೆ ಅವನಿಗೆ ಆಲಮಟ್ಟಿಗೆ ವರ್ಗವಾಯಿತು.

"ಸಣ್ಣಪುಟ್ಟ ಕೆಲಸ ಅಷ್ಟ ಉಳದಾವ್ರಿ, ನೀವ ಮಾಡ್ಕೋರಿ" ಅಂದು ಹೋದ.

ಆ ಸಣ್ಣಪುಟ್ಟ ಕೆಲಸಗಳಲ್ಲಿ ಆಕ್ಸಿಲರೇಟರ್ ಕೇಬಲ್ ಒಂದು. ಅದನ್ನು ನಾನೊಬ್ಬನೇ ಹಾಕಿದೆ.

ಮೊದಲ ಸಲ ಸವದತ್ತಿಗೆ ಹೊರಟ ದಿನ ಏರು ಮುಗಿದ ಮೇಲೆ ಕಾಲು ತೆಗೆದೆ. ಕಾರು ನಿಧಾನವಾಗಲಿಲ್ಲ, ಇನ್ನೂ ತುಳಿದೇ ಇದ್ದೇನೆ ಅನ್ನುವ ಹಾಗೆ ಎಂಜಿನ್ ಅರಚುತ್ತಲೇ ಹೋಯಿತು. ಹೆದರಿ ಕೀಲಿ ತಿರುಗಿಸಿ, ಬ್ರೇಕ್ ಹಾಕಿ, ಜೋಳದ ಹೊಲದ ಪಕ್ಕಕ್ಕೆ ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಎಲ್ಲವೂ ನೆಟ್ಟಗಿತ್ತು. ಕೈಯಿಂದ ಎಳೆದರೆ ಕೇಬಲ್ ಸರಾಗವಾಗಿ ಬಂದು ಹೋಗುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡಿ, ಹೆಚ್ಚು ತುಳಿಯದೆ, ಎತ್ತಿನ ಗಾಡಿಯ ವೇಗದಲ್ಲಿ ಹಿಂತಿರುಗಿದೆ.

ಆ ವಾರವೆಲ್ಲ ಅದೇ ಧ್ಯಾನ. ಕೇಬಲನ್ನು ಕಾರ್ಬೊರೇಟರಿನಿಂದ ಬಿಡಿಸಿ ನೋಡಿದೆ. ಕಾರ್ಬೊರೇಟರಿನ ಸ್ಪ್ರಿಂಗ್ ಗಾಳಿ ಬಿಡುವ ಒಳಬಾಗಿಲನ್ನು ಟಪ್ಪೆಂದು ಮುಚ್ಚುತ್ತಿತ್ತು. ಹಾಗಾದರೆ ತಪ್ಪು ಅಲ್ಲಿಲ್ಲ. ಕೇಬಲಿನ ತಂತಿಯನ್ನು ಅದರ ಕವಚದಿಂದ ಹೊರಗೆಳೆದು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಹಚ್ಚಿದೆ. ಎಳೆ ಬಿಚ್ಚಿರಲಿಲ್ಲ, ತುಕ್ಕಿರಲಿಲ್ಲ. ಆದರೂ ಓಡಿಸಿದರೆ ಹಿಡಿದುಕೊಳ್ಳುವುದು. ಎಂಜಿನ್ ಆರಿಸಿದರೆ ಬಿಟ್ಟುಬಿಡುವುದು. ತಪ್ಪು ಕಣ್ಣಿಗೆ ಬೀಳಬೇಕಾದರೆ ಎಂಜಿನ್ ಓಡುತ್ತಿರುವಾಗಲೇ ಒಬ್ಬರು ಒಳಗೆ ಕೂತು ತುಳಿಯಬೇಕು, ಇನ್ನೊಬ್ಬರು ಎದುರು ನಿಂತು ನೋಡಬೇಕು. ಪೆಡಲಿನ ಮೇಲೆ ಇಟ್ಟಿಗೆ ಇಟ್ಟು ನೋಡಿದೆ. ಇಟ್ಟಿಗೆ ಒತ್ತುತ್ತಿತ್ತು, ಆದರೆ ಹೇಳಿದಾಗ ಕಾಲು ತೆಗೆಯುತ್ತಿರಲಿಲ್ಲ. ಆ ಮಧ್ಯಾಹ್ನ ಖಾಲಿ ಮನೆಗಳ ಸಾಲನ್ನು ನೋಡುತ್ತ ಬಂಪರಿನ ಮೇಲೆ ಬಹಳ ಹೊತ್ತು ಕೂತಿದ್ದೆ.

ಕೊನೆಗೆ ಮೆಸ್ಸಿಗೆ ಹೋದೆ. ಅಡಿಗೆಯ ಅಕ್ಕ ಪಾತ್ರೆ ತಿಕ್ಕುತ್ತಿದ್ದಳು. ಐವತ್ತರ ಹೆಂಗಸು. ವರ್ಷಗಟ್ಟಲೆ ಅವಳ ಕೈಯ ರೊಟ್ಟಿ ತಿಂದಿದ್ದರೂ ನಾವು ಊಟದ ಹೊರತು ಬೇರೆ ಮಾತಾಡಿದ್ದು ಕಡಿಮೆ.

"ಅಕ್ಕಾರ, ಸ್ವಲ್ಪ ಬಂದು ಗಾಡ್ಯಾಗ ಕುಂದರತೀರೇನ್ರಿ?"

"ಎಲ್ಲಿಗ್ರಿ ಸಾಹೇಬ್ರ?"

"ಎಲ್ಲಿಗೂ ಇಲ್ರಿ. ನಾ ಒತ್ರಿ ಅಂದಾಗ ಕಾಲಿಲೆ ಒತ್ತಬೇಕು, ಬಿಡ್ರಿ ಅಂದಾಗ ಬಿಡಬೇಕು, ಅಷ್ಟ."

"ಓಡಿ ಹೋಗಂಗಿಲ್ಲಲ್ಲ ಅದು?"

"ಗೇರ್ ಹಾಕಿಲ್ರಿ. ಚಕ್ರಕ್ಕ ಕಲ್ಲ ಕೊಟ್ಟೇನಿ."

ಅವಳು ಚಪ್ಪಲಿಯನ್ನು ಹೊರಗೆ ಬಿಟ್ಟು, ಸೆರಗು ಸಿಕ್ಕಿಸಿ, ಸೀಟಿನ ತುದಿಯಲ್ಲಿ ಕೂತಳು. ನಾನು ಎಂಜಿನ್ ಹಚ್ಚಿ ಬಾನೆಟ್ಟಿನ ಕೆಳಗೆ ಬಾಗಿದೆ.

"ಒತ್ರಿ. ಇನ್ನೂ ಒತ್ರಿ. ಈಗ ಬಿಡ್ರಿ."

"ಬಿಟ್ಟೇನ್ರಿ. ಮತ್ಯಾಕ ಒದರಾಕತ್ತೈತಿ?"

ಆಗ ಕಂಡಿತು. ಜೋರಾಗಿ ತುಳಿದಾಗ ಎಂಜಿನ್ ತನ್ನನ್ನು ಹೊತ್ತ ರಬ್ಬರು ದಿಂಡುಗಳ ಮೇಲೆ ಒಂದು ಬದಿಗೆ ಓಲುತ್ತಿತ್ತು. ನಾನು ಕೇಬಲಿನ ಕವಚವನ್ನು ಗಿಡ್ಡವಾಗಿ ಕತ್ತರಿಸಿ ಕಾರಿನ ಬಾಡಿಯ ಗೋಡೆಗೆ ಬಿಗಿಯಾಗಿ ಕಟ್ಟಿದ್ದೆ. ಓಲಿದ ಎಂಜಿನ್ ಜೊತೆ ಅದಕ್ಕೆ ಹೋಗಲಾಗದೆ, ಕವಚದ ತುದಿ ಕಾರ್ಬೊರೇಟರಿನ ಪಕ್ಕ ಅದನ್ನು ಹಿಡಿದಿಡುವ ಬ್ರಾಕೆಟ್ಟಿನ ತೂತಿನಿಂದ ಹೊರಬಿದ್ದು ಅಂಚಿನ ಮೇಲೆ ಓರೆಯಾಗಿ ಕೂರುತ್ತಿತ್ತು. ಕಾಲು ತೆಗೆದರೂ ಒಳಗಿನ ತಂತಿ ಬಿಗಿದೇ ನಿಲ್ಲುತ್ತಿತ್ತು. ಎಂಜಿನ್ ಆರಿಸಿದೆ. ಆರುವಾಗ ಅದು ಮೈ ಕೊಡವಿತು. ಕವಚದ ತುದಿ ತಾನಾಗಿ ತೂತಿಗೆ ಮರಳಿತು.

"ಸಿಕ್ತೇನ್ರಿ?"

"ಸಿಕ್ತ್ರಿ ಅಕ್ಕಾರ."

"ನನ್ನ ಕಾಲ ತಪ್ಪಿತೇನ ಅಂತ ಹೆದರಿಕಿ ಆಗಿತ್ತು." ಅವಳು ಕೂಡಲೇ ಇಳಿಯಲಿಲ್ಲ. ಸ್ಟೀರಿಂಗ್ ಮುಟ್ಟಿ ನೋಡಿದಳು. "ಇದನ್ನ ಕಟ್ಟೂಮುಂದ ನೀವಿಬ್ರೂ ರೊಟ್ಟಿ ಆರೂತನಕ ಊಟಕ್ಕ ಬರತಿದ್ದಿಲ್ಲ. ಆಲಮಟ್ಟಿಗೆ ಹೋದವ್ರು ಏನರ ಸುದ್ದಿ ಕಳಿಸ್ಯಾರೇನ್ರಿ?"

"ಇಲ್ರಿ."

ಮರುದಿನ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಹೋಗಿ ಉದ್ದನೆಯ ಕೇಬಲ್ ತಂದೆ. ಬ್ರಾಕೆಟ್ಟಿಗೆ ಆಳವಾದ ಬಾಯಿ ಮಾಡಿಸಿದೆ. ಎಂಜಿನ್ ಎಷ್ಟು ಓಲಿದರೂ ಎಳೆಯದಂತೆ ಕೇಬಲನ್ನು ಸಡಿಲವಾಗಿ ಬಳಸಿ ತಂದು ಹಾಕಿದೆ. ಸವದತ್ತಿಯ ಏರಿನಲ್ಲಿ ಪೂರ್ತಿ ತುಳಿದು ಬಿಟ್ಟು ನೋಡಿದೆ. ಎಂಜಿನ್ ಕಾಲಿನ ಮಾತು ಕೇಳಿತು.

ಕೆಲ ದಿನಗಳಲ್ಲಿ ಮೆಸ್ ಮುಚ್ಚಿತು. ಅಕ್ಕ ರಾಮದುರ್ಗದಲ್ಲಿದ್ದ ತಂಗಿಯ ಮನೆಗೆ ಹೊರಟಳು. ಟ್ರಂಕ್ ಹಿಡಿದು ಬಸ್ಸಿಗೆ ನಿಂತಿದ್ದವಳನ್ನು ಕಾರಿನಲ್ಲಿ ಕೂರಿಸಿಕೊಂಡೆ. ಒಂದು ಇಳಿಜಾರಿನಲ್ಲಿ ಅವಳು ನನ್ನ ಪಾದದ ಕಡೆ ನೋಡಿ, "ಈಗ ಬಿಟ್ರಿ, ಹೌದಲ್ಲ?" ಅಂದಳು.

"ಹೌದ್ರಿ."

"ಕೇಳಿದ್ರ ಗೊತ್ತಾಗತೈತಿ."

ತಂಗಿಯ ಮನೆಯಲ್ಲಿ ಚಹಾ ಕೊಟ್ಟರು. "ಈ ಕಡೆ ಬಂದ್ರ ಊಟಕ್ಕ ಬರ್ರಿ" ಅಂದಳು ಅಕ್ಕ. ಬರುತ್ತೇನೆ ಅಂದೆ. ಆಮೇಲೆ ಆ ಕಡೆ ಹೋಗಲಾಗಲೇ ಇಲ್ಲ.

ಕಾಲೊನಿಗೆ ಮರಳಿದಾಗ ಹೊತ್ತು ಮುಳುಗುತ್ತಿತ್ತು. ಗಾಡಿ ಹೇಗೆ ಓಡಿತು ಎಂದು ಕೇಳುವವರು ಯಾರೂ ಇರಲಿಲ್ಲ. ಎಂಜಿನ್ ಆರಿಸಲು ಮನಸ್ಸಾಗದೆ, ಮನೆಯ ಮುಂದೆ ಅದನ್ನು ಹಾಗೇ ಸಣ್ಣಗೆ ಓಡಲು ಬಿಟ್ಟು ಸೀಟಿನಲ್ಲೇ ಕೂತೆ.